ಬೂಟು ಒತ್ತೆಯಿಟ್ಟು ಕಂಡ ಗೆರೆ

ಲೈಲ್ ಹೌಗನ್ ಕ್ಯಾಲ್ಕುಲೇಟರನ್ನು ಮನೆಯಲ್ಲೇ ಮರೆತು ಬಂದಿದ್ದರಿಂದ ಅವನ ಎಡಗಾಲಿನ ಬೂಟು ನಿಗಾರ್ಡ್ ಮೇಡಂ ಮೇಜಿನ ಮೇಲೆ ಕೂತಿತ್ತು. ಶಾಲೆಯ ಗ್ರಾಫ್ ಕ್ಯಾಲ್ಕುಲೇಟರ್ ಬೇಕಾದರೆ ಒಂದು ಬೂಟು ಒತ್ತೆ. ಮಂಡಿಯುದ್ದ ಹಿಮ ಬಿದ್ದ ಮಿನೆಸೋಟಾದಲ್ಲಿ ಒಂಟಿ ಬೂಟಿನವನು ಯಂತ್ರ ಹೊತ್ತುಕೊಂಡು ಎಲ್ಲಿಗೆ ಓಡಿಯಾನು?

ಇವತ್ತಿನ ಪರೀಕ್ಷೆ ಪಾಸಾಗದಿದ್ದರೆ ಸಂಜೆಯ ಐಸ್ ಹಾಕಿ ಪಂದ್ಯಕ್ಕೆ ಇಳಿಯುವಂತಿಲ್ಲ. ಲೈಲ್ ಇಲ್ಲದಿದ್ದರೆ ಗೋಲು ಕಾಯುವವನು ಆಕ್ಸೆಲ್. ಆಕ್ಸೆಲ್‌ನನ್ನು ನಿಲ್ಲಿಸುವುದೂ ಒಂದೇ, ಗೋಲಿಗೆ ‘ಸುಸ್ವಾಗತ’ ಎಂದು ಬೋರ್ಡು ಹಾಕುವುದೂ ಒಂದೇ.

ಪ್ರಶ್ನೆ: ಫಲನದ ಶೂನ್ಯಗಳನ್ನು, ಎಂದರೆ ಅದರ ಗೆರೆ ಅಡ್ಡರೇಖೆಯನ್ನು ದಾಟುವ ಜಾಗಗಳನ್ನು, ಹುಡುಕಿ.

“ಯಾವ ಗುಂಡಿ ಒತ್ಬೇಕು ಅಂತ ಒಬ್ಬರಿಗೊಬ್ಬರು ಹೇಳ್ಕೋಬಹುದು. ಉತ್ತರ ಹೇಳಿದ್ರೆ ಇನ್ನೊಂದು ಬೂಟೂ ನಂದೇ,” ಎಂದರು ಮೇಡಂ.

ಯಂತ್ರದ ಮೊದಲ ಸಾಲಿನಲ್ಲಿ ಏನೋ ಇತ್ತು. ಶಾಲೆಯ ಆಸ್ತಿ, ಅಳಿಸುವುದು ಮರ್ಯಾದೆಯಲ್ಲ ಎಂದುಕೊಂಡು ಲೈಲ್ ತನ್ನ ಸೂತ್ರವನ್ನು ಎರಡನೆಯ ಸಾಲಿನಲ್ಲಿ ಒತ್ತಿದ. ಪರದೆ ಖಾಲಿ.

“ಝೂಮ್ ಒತ್ತಿ ಹತ್ತಿರ ಹೋಗೋ,” ಎಂದಳು ಹಿಂದೆ ಕೂತ ಮೆರಿಟ್. ಹೋದ. ಇನ್ನೂ ಖಾಲಿ.

“ಲೇ ದಡ್ಡ, ದೂರ ಹೋಗ್ಬೇಕು!” ಪಕ್ಕದ ಕ್ಲೈಡ್ ಕೈಹಾಕಿ ತಾನೇ ಒತ್ತಿದ.

ಎಡಮೂಲೆಯ ತಳದಿಂದ ಗೆರೆಯೊಂದು ಎದ್ದಿತು. ಅಡ್ಡರೇಖೆಯನ್ನು ಸೀಳಿ ಮೇಲೇರಿ, ಏನೋ ಮರೆತು ಬಂದವರಂತೆ ಹಿಂದೆ ಬಾಗಿ, ಕೆಳಗೆ ಮುಳುಗಿ, ಮತ್ತೆ ಎದ್ದು ಪರದೆಯಾಚೆ ಹೊರಟುಹೋಯಿತು. ಮೂವರೂ ಪರದೆಯ ಮೇಲೆ ಬಗ್ಗಿದರು.

“ಅಬ್ಬಾ! ನಂಗೆ ಹಿಂಗೆ ಬರ್ಲೇ ಇಲ್ವಲ್ಲೋ,” ಎಂದ ಕ್ಲೈಡ್.

ಗೆರೆ ದಾಟುವ ಪ್ರತಿ ಜಾಗದ ಎಡಕ್ಕೊಂದು, ಬಲಕ್ಕೊಂದು ಗುರುತು ಇಟ್ಟ ಲೈಲ್. ನಡುವೆ ಪುಟ್ಟ ಚುಕ್ಕಿ ಬಂದು ಅಡ್ಡರೇಖೆಯ ಮೇಲೇ ನಿಂತಿತು. ಮೈನಸ್ ಎರಡು. ಒಂದು. ಮೂರು. ಲೈಲ್‌ಗೆ ಮೈ ಜುಮ್ಮೆಂದಿತು. ಗಣಿತ ಇಷ್ಟು ವರ್ಷದಲ್ಲಿ ಅವನಿಗೆ ಬೆನ್ನನ್ನಷ್ಟೇ ತೋರಿಸಿತ್ತು; ಮುಖ ಕಂಡದ್ದು ಇವತ್ತೇ. ಕಾಲು ಮರಗಟ್ಟಿದ್ದೂ ಅವನಿಗೆ ತಿಳಿಯಲಿಲ್ಲ.

ಮೇಡಂ ಬಂದು ಪರದೆಯನ್ನೂ ಅವನ ಪ್ರಶ್ನೆಯನ್ನೂ ನೋಡಿದರು.

“ಮೂರೂ ಸರಿ ಕಣಪ್ಪಾ. ಆದ್ರೆ ಇದು ಬೆಳಗಿನ ಕ್ಲಾಸಿನ ಪ್ರಶ್ನೆ. ಅವರ ಸೂತ್ರ ಮೊದಲ ಸಾಲಲ್ಲೇ ಉಳಿದಿದೆ. ನಿನ್ನ ಗೆರೆ ಪರದೆಯಾಚೆ ಎಲ್ಲೋ ಇದೆ.”

“ಬೆಳಗ್ಗೆ ಇದು ಯಾರ ಹತ್ರ ಇತ್ತು, ಮೇಡಂ?”

“ಆಕ್ಸೆಲ್ ಹತ್ರ. ಪಾಪ, ಅವನಿಗೆ ಎರಡೇ ಸಿಕ್ಕಿದ್ದು. ಪಾಸಿಗೆ ಸಾಕಾಯ್ತು,” ಎಂದು ಮೇಡಂ ಲೈಲ್‌ನ ಹಾಳೆಗೆ ಸೊನ್ನೆ ಹಾಕಿ ಬೂಟು ಹಿಂತಿರುಗಿಸಿದರು.

ಸಂಜೆ ಲೈಲ್ ಎರಡೂ ಬೂಟು ಹಾಕಿಕೊಂಡು ಪ್ರೇಕ್ಷಕರ ನಡುವೆ ಕೂತಿದ್ದ. ಆಕ್ಸೆಲ್ ಕಾಯುತ್ತಿದ್ದ ಗೋಲಿನ ಗೆರೆಯನ್ನು ಎದುರಾಳಿಗಳು ಹೊಡೆದ ರಬ್ಬರ್ ಬಿಲ್ಲೆ ಮೂರು ಸಲ ದಾಟಿತು. ಎಲ್ಲಿ ದಾಟುತ್ತದೆಂದು ಮೇಲೆ ಕೂತ ಲೈಲ್‌ಗೆ ಮೂರು ಸಲವೂ ಮೊದಲೇ ಕಂಡಿತು.

ಬೆಳಗ್ಗೆ ಎರಡಾದರೂ ಸಿಕ್ಕಿದ್ದ ಆಕ್ಸೆಲ್‌ಗೆ ಈಗ ಒಂದೂ ಸಿಗಲಿಲ್ಲ.