ರಗ್ಬಿ ಡಾಕ್ಟ್ರ ಮನೆಯ ಪೇಷಂಟು

ಹರಿಶ್ಚಂದ್ರ: ವರ್ತಕ ನಗರದಲ್ಲಿ ರೂಮು ನೋಡಿ ಆಯ್ತು. ಕ್ಲಿನಿಕ್ ಹಾಕು, ಫ್ಯಾನಿನಡಿ ಕೂರು. ಆ ರಗ್ಬಿ ಟೀಮಿನ ಡಾಕ್ಟ್ರ ಕೆಲಸ ಇವತ್ತೇ ಬಿಡು.

ನಿಶ್ಮಿತಾ: ಬಿಡುದಿಲ್ಲ ಪಪ್ಪ. ಸಂಜೆ ಖಾರಘರದಲ್ಲಿ ಮ್ಯಾಚ್ ಉಂಟು.

ಹರಿಶ್ಚಂದ್ರ: ಎಂತ ಡಾಕ್ಟ್ರು ಮಾರಾಯ್ತಿ ನೀನು? ಬೇರೆ ಡಾಕ್ಟ್ರ ಹತ್ರ ಪೇಷಂಟು ಬರ್ತಾರೆ. ನೀನು ಬ್ಯಾಗ್ ಹಿಡ್ಕೊಂಡು ಪೇಷಂಟಿನ ಹಿಂದೆ ಓಡ್ತೀ.

ವಿಮಲಾ: ಓಡ್ಲಿ. ನಿಮ್ಮ ಹಾಗೆ ಗಲ್ಲೆಯಲ್ಲಿ ದುಡ್ಡು ಎಣಿಸ್ತಾ ಕೂತು ಹೊಟ್ಟೆ ಬೆಳೆಸುದು ಬೇಡ.

ನೌಪಾಡಾದಲ್ಲಿ ಹೋಟೆಲು ನಡೆಸುವ ಹರಿಶ್ಚಂದ್ರರಿಗೆ ಮಗಳ ಎದುರುತ್ತರ ಅಭ್ಯಾಸವಾಗಿತ್ತು. ಹೆಂಡತಿಯೂ ಸೇರಿಕೊಂಡದ್ದನ್ನು ಸಹಿಸಲಾಗಲಿಲ್ಲ. ದಡಕ್ಕನೆ ಎದ್ದರು. ಮೇಲೆ ತೆರೆದಿದ್ದ ಗೋಡೆಕಪಾಟಿನ ಬಾಗಿಲು ತಲೆಗೆ ಬಡಿಯಿತು. ನಿಶ್ಮಿತಾ ಓಡಿಬಂದು ಕುತ್ತಿಗೆ ಮುಟ್ಟಿ ನೋಡಿ, ಮೈದಾನದಲ್ಲಿ ಆಟಗಾರರಿಗೆ ಕೇಳುವ ಪ್ರಶ್ನೆಗಳನ್ನೇ ಶುರು ಮಾಡಿದಳು.

ನಿಶ್ಮಿತಾ: ಈಗ ನಾವು ಎಲ್ಲಿದ್ದೇವೆ?

ಹರಿಶ್ಚಂದ್ರ: ಮೂರನೇ ಮಾಳಿಗೆ. ಲಿಫ್ಟ್ ಬಂದ್.

ನಿಶ್ಮಿತಾ: ಮೊದಲ ಹಾಫಾ, ಎರಡನೆಯದಾ?

ಹರಿಶ್ಚಂದ್ರ: ಮದುವೆಯಾಗಿ ಮೂವತ್ತೆರಡು ವರ್ಷ. ಇಂಟರ್ವಲ್ಲೇ ಸಿಕ್ಕಲಿಲ್ಲ.

ನಿಶ್ಮಿತಾ: ಕೊನೆಗೆ ಪಾಯಿಂಟ್ ಹೊಡೆದದ್ದು ಯಾರು?

ಹರಿಶ್ಚಂದ್ರ: ನಿನ್ನಮ್ಮ.

ನಿಶ್ಮಿತಾ: ಹೋದ ವಾರ ನೀವು ಗೆದ್ದಿರಾ?

ಹರಿಶ್ಚಂದ್ರ: ನಾನು ಯಾವ ವಾರ ಗೆದ್ದದ್ದುಂಟು?

ನಿಶ್ಮಿತಾ: ನೆನಪು ಸರಿ ಉಂಟು. ಒಂದು ಕಾಲಿನ ಮುಂದೆ ಇನ್ನೊಂದಿಟ್ಟು ಕಣ್ಣು ಮುಚ್ಚಿ ನಿಲ್ಲಿ.

ಹರಿಶ್ಚಂದ್ರರು ನಿಂತರು, ವಾಲಿದರು, ವಿಮಲಾರ ಭುಜ ಹಿಡಿದರು.

ನಿಶ್ಮಿತಾ: ನೀವು ಔಟ್. ಇವತ್ತು ಹೋಟೆಲಿಲ್ಲ, ಸ್ಕೂಟರಿಲ್ಲ.

ಹರಿಶ್ಚಂದ್ರ: ನಾನು ಮಾಲಕ.

ನಿಶ್ಮಿತಾ: ಹೋದ ತಿಂಗಳು ನಮ್ಮ ಕ್ಯಾಪ್ಟನ್ ಕೂಡ ಹೀಗೇ ಹೇಳಿದ. ಫೈನಲ್ ಮ್ಯಾಚು, ಅತ್ತೇಬಿಟ್ಟ. ಹೊರಗೆ ಕೂರಿಸಿದೆ. ಕೋಚಿಗೂ ಏನೂ ಮಾಡ್ಲಿಕ್ಕಾಗಲಿಲ್ಲ. ತಲೆಗೆ ಪೆಟ್ಟಾದ್ರೆ ಡಾಕ್ಟ್ರು ಹೇಳಿದ್ದೇ ಕೊನೆ.

ಹರಿಶ್ಚಂದ್ರ: ಎಷ್ಟು ದೊಡ್ಡ ಜನ ಅವ?

ನಿಶ್ಮಿತಾ: ನೂರಹತ್ತು ಕಿಲೋ.

ಹರಿಶ್ಚಂದ್ರರು ಮೆಲ್ಲಗೆ ಸೋಫಾದಲ್ಲಿ ಕೂತರು. ಅವರಿಗೆ ಹೆದರಿಕೆಯೂ ಆಗಿತ್ತು, ಹೆಮ್ಮೆಯೂ ಆಗಿತ್ತು. ಎರಡನ್ನೂ ಬಾಯಿಬಿಟ್ಟು ಹೇಳುವ ಜಾಯಮಾನ ಅವರದ್ದಲ್ಲ. ಮ್ಯಾನೇಜರ್ ಗುಣಪಾಲನಿಗೆ ಫೋನು ಹಚ್ಚಿದರು.

ಹರಿಶ್ಚಂದ್ರ: ಗುಣಪಾಲ, ಇವತ್ತು ಗಲ್ಲೆ ನೀನೇ ನೋಡು. ನನ್ನನ್ನು ಮನೆಯಲ್ಲಿ ಕೂರಿಸಿದ್ದಾರೆ. ಯಾರಾ? ಡಾಕ್ಟ್ರು.

ನಿಶ್ಮಿತಾ ಮ್ಯಾಚಿಗೆಂದು ಹೆಗಲಿಗೇರಿಸಿದ್ದ ಬ್ಯಾಗು ಕೆಳಗಿಟ್ಟಳು.

ನಿಶ್ಮಿತಾ: ನಾನು ಹೋಗುದಿಲ್ಲ ಪಪ್ಪ. ಬೇರೆ ಡಾಕ್ಟ್ರನ್ನು ಕಳಿಸ್ತೇನೆ. ನಿಮ್ಮನ್ನು ನೋಡ್ಕೊಳ್ಬೇಕು.

ವಿಮಲಾ: ವಾಂತಿ, ತಲೆಸುತ್ತು ಬಂದ್ರೆ ಆಸ್ಪತ್ರೆಗೆ ನಾನು ಕರ್ಕೊಂಡು ಹೋಗ್ತೇನೆ. ನೀನು ಹೊರಡು.

ಹರಿಶ್ಚಂದ್ರ: ಹೌದು, ಹೊರಡು. ಇಲ್ಲಿ ನಾನೊಬ್ಬ. ಅಲ್ಲಿ ಎರಡು ಟೀಮು ಸೇರಿ ನನ್ನಂಥವರು ಮೂವತ್ತು ಜನ ಇದ್ದಾರೆ.