ಮೇಷ್ಟ್ರ ಮೂಗು ಮುರಿದವರು

ಕೆಲಸಕ್ಕೆ ಹೊತ್ತಾಯಿತೆಂದು ಮೇಲಿನ ಮಹಡಿಯ ತಜ್ಞರು ದಡಬಡ ಮೆಟ್ಟಿಲಿಳಿಯುತ್ತಿದ್ದಾಗ, ಕಂಕುಳಲ್ಲಿದ್ದ ಕೊಡೆ ತಿರುಗಿ ಮೊದಲ ಮಹಡಿಯ ಹೆಡ್‌ಮೇಷ್ಟ್ರ ಮೂಗು ಮುರಿಯಿತು. ಮೇಷ್ಟ್ರದ್ದಲ್ಲ; ಅವರು ನಿವೃತ್ತರಾದಾಗ ಶಿಷ್ಯರು ಮಾಡಿಸಿಕೊಟ್ಟು, ಈಗ ಬಾಗಿಲ ಪಕ್ಕ ಸ್ಟೂಲಿನ ಮೇಲಿದ್ದ ಅವರ ಪ್ಲಾಸ್ಟರ್ ಪ್ರತಿಮೆಯದು.

ತಜ್ಞರು ಬಾಗಿಲು ತಟ್ಟಲು ಕೈ ಎತ್ತಿದರು. ಧೈರ್ಯ ಬರಲಿಲ್ಲ. ಬೆಕ್ಕಿನ ಹೆಜ್ಜೆಯಲ್ಲಿ ಜಾರಿಕೊಂಡರು.

ಅವರು ಕೆಲಸಕ್ಕಿದ್ದದ್ದು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ. ರಕ್ತದ ಹನಿ, ಗಾಜಿನ ಚೂರು ನೋಡಿ, ಯಾರು ಎಲ್ಲಿ ನಿಂತು ಹೇಗೆ ಹೊಡೆದರೆಂದು ಹೇಳುವುದೇ ಅವರ ಕಸುಬು. ಅಂದು ಮಾತ್ರ ದಿನವಿಡೀ ಕಣ್ಣೆದುರು ಒಂದೇ ಮೂಗು.

ಸಂಜೆ ಬಂದರೆ ಮೆಟ್ಟಿಲ ತುಂಬ ಜನ. ನಡುವೆ ಮುದಿ ವಾಚ್‌ಮನ್ ತಲೆ ತಗ್ಗಿಸಿ ನಿಂತಿದ್ದ.

“ಇವನೇ ಕಣ್ರೀ, ಗುಡಿಸುವಾಗ ಪೊರಕೆ ಬೀಸಿದಾನೆ. ನಾಳೆಯಿಂದ ಬರೋದೇ ಬೇಡ!” ಮೇಲಿನ ಮನೆಯ ವಕೀಲರು ಗುಡುಗಿದರು.

“ತಡೀರಿ,” ಎಂದರು ಮೇಷ್ಟ್ರು. “ತಜ್ಞರು ಬರೋವರೆಗೂ ಒಂದು ಚೂರೂ ಮುಟ್ಟಬಾರದು ಅಂತ ಕಾವಲು ಕಾದಿದೀನಿ. ಇಗೋ, ಬಂದ್ರು. ನೋಡಿ ಹೇಳಿ ಸಾರ್.”

ವಾಚ್‌ಮನ್ ಕೈ ಮುಗಿದ. “ನೀವು ನೋಡಿ ನಾನೇ ಅಂದ್ರೆ ಒಪ್ಕೋತೀನಿ ಸ್ವಾಮಿ. ನೀವು ಸುಳ್ಳು ಹೇಳೋರಲ್ಲ.”

ತಜ್ಞರು ಕೊಡೆಯನ್ನು ಬೆನ್ನ ಹಿಂದೆ ಸರಿಸಿ ಮಂಡಿಯೂರಿದರು. ಪ್ರತಿಮೆಯ ಕೆನ್ನೆಯ ಮೇಲೆ ಕೊಡೆತುದಿಯ ಗುಂಡನೆಯ ಗುರುತು. ಚೆಲ್ಲಿದ ಬಿಳಿ ಪುಡಿಯಲ್ಲಿ ಮೇಲಿನಿಂದ ಇಳಿದುಬಂದ ಚಪ್ಪಲಿಯ ಅಚ್ಚು, ಮುದ್ರೆ ಒತ್ತಿದಷ್ಟು ಸ್ಪಷ್ಟ. ಇಷ್ಟು ಪೆದ್ದ ಅಪರಾಧಿಯನ್ನು ಅವರು ತಮ್ಮ ಇಡೀ ವೃತ್ತಿಯಲ್ಲಿ ಕಂಡಿರಲಿಲ್ಲ. ಎಡಗಾಲನ್ನು ಮೆಲ್ಲಗೆ ಬಲಗಾಲಿನ ಹಿಂದೆ ಅಡಗಿಸಿದರು.

“ಗಾಳಿಗೆ...”

“ಗಾಳಿಗೆ ಗುಂಡಗೆ ಗುಳಿ ಬೀಳುತ್ತಾ?” ವಕೀಲರು ಬಗ್ಗಿ ನೋಡಿದರು.

“ಹಾಗಾದರೆ ಬೆಕ್ಕು...”

“ಬೆಕ್ಕು ಚಪ್ಪಲಿ ಹಾಕುತ್ತಾ?”

“ಅಲ್ಲಿಗೆ ವಾಚ್‌ಮನ್ನೇ,” ಎಂದು ವಕೀಲರು ತೀರ್ಪು ಕೊಟ್ಟರು. ಮುದುಕ ಕೊರಳಿಂದ ಸೀಟಿ ಬಿಚ್ಚತೊಡಗಿದ. ತಜ್ಞರಿಗೆ ಕಿವಿಯವರೆಗೂ ಬಿಸಿಯೇರಿತು. ಭೂಮಿ ಬಾಯ್ಬಿಟ್ಟಿದ್ದರೆ ಚಪ್ಪಲಿ ಸಮೇತ ಇಳಿದುಬಿಡುತ್ತಿದ್ದರು.

“ನಾನೇ!” ಎಂದು ಕೂಗಿಬಿಟ್ಟರು. “ಬೆಳಿಗ್ಗೆ ನನ್ನ ಕೊಡೆ ತಗುಲ್ತು. ಹೇಳೋಕೆ ನಾಚಿಕೆಯಾಗಿ ಓಡಿಹೋದೆ. ಇದೇ ಕೊಡೆ, ಇದೇ ಚಪ್ಪಲಿ. ನೋಡಿ!”

ಮೇಷ್ಟ್ರ ಕಣ್ಣು ತುಂಬಿ ಬಂತು. ಮುಂದೆ ಬಂದವರೇ ತಜ್ಞರನ್ನು ತಬ್ಬಿಕೊಂಡರು.

“ಎಂಥಾ ದೊಡ್ಡ ಮನಸ್ಸು! ಅಲ್ರೀ, ದಿನಾ ಕಳ್ಳರ ಗುರುತು ಹುಡುಕೋರು ಇಷ್ಟೊಂದು ಗುರುತು ಬಿಟ್ಟು ಹೋಗ್ತಾರಾ? ಯಾರನ್ನೋ ಉಳಿಸೋಕೆ ತಪ್ಪನ್ನ ಮೈಮೇಲೆ ಹಾಕ್ಕೋತಿದಾರೆ!”

“ಇಲ್ಲ ಮೇಷ್ಟ್ರೇ, ನಿಜವಾಗ್ಲೂ ನಾನೇ...”

“ಯಾರನ್ನ ಅಂತ ನಾನು ಹೇಳ್ತೀನಿ,” ವಕೀಲರ ಕಣ್ಣು ಹೊಳೆಯಿತು. “ಕೊಡೆ, ಚಪ್ಪಲಿ ಎರಡೂ ಇವರ ಮನೇದು. ಆ ಮನೇಲಿರೋದು ಇಬ್ಬರೇ.”

ಅಷ್ಟೂ ತಲೆಗಳು ಒಟ್ಟಿಗೆ ಮೇಲಕ್ಕೆ ತಿರುಗಿದವು. ಗದ್ದಲ ಕೇಳಿ ಆಗಷ್ಟೇ ಇಳಿದುಬರುತ್ತಿದ್ದ ತಜ್ಞರ ಹೆಂಡತಿ ಅಲ್ಲೇ ನಿಂತಳು.

“ಪರವಾಗಿಲ್ಲ ತಾಯಿ, ನಾನು ಮನಸ್ಸಿನಲ್ಲಿ ಇಟ್ಕೊಳ್ಳಲ್ಲ,” ಎಂದರು ಮೇಷ್ಟ್ರು ಮೃದುವಾಗಿ. “ನಿಮ್ಮ ಯಜಮಾನರು ಚಿನ್ನದಂಥವರು.”

ಅವಳು ಮೇಷ್ಟ್ರನ್ನು ನೋಡಲಿಲ್ಲ. ಗಂಡನನ್ನು ನೋಡಿದಳು.

“ಮನೆಗೆ ಬನ್ನಿ,” ಎಂದಳು.

ತಜ್ಞರು ಒಂದೊಂದೇ ಮೆಟ್ಟಿಲು ಹತ್ತತೊಡಗಿದರು. ಹಿಂದಿನಿಂದ ವಾಚ್‌ಮನ್ ಓಡಿಬಂದು ಅವರ ಕಿವಿಯಲ್ಲಿ ಪಿಸುಗುಟ್ಟಿದ:

“ಸ್ವಾಮಿ, ಬೇಕಿದ್ರೆ ಅಮ್ಮನ ಹತ್ರ ನಾನೇ ಮುರಿದೆ ಅಂತ ಹೇಳಲಾ?”