ಅತ್ತೆಯ ಪರೀಕ್ಷೆಗೆ ಕೂತ ಟ್ಯಾಕ್ಸಿನವರು

ನಮ್ಮ ಸೋದರತ್ತೆ ಗಡಿಯಾರವನ್ನೂ ಸುಲಭಕ್ಕೆ ನಂಬುವವರಲ್ಲ. ಖಾನಾಪುರದ ಅವರ ಮನೆಯ ಪಡಸಾಲೆಯಲ್ಲಿ ಮೂರು ಗಡಿಯಾರಗಳಿವೆ. ಎರಡು ಒಂದೇ ಸಮಯ ತೋರಿಸಿದರೆ, "ಇವೆರಡೂ ಒಂದರದೊಂದು ನೋಡಿ ಬರದಾವು" ಎಂದು ಮೂರನೆಯದನ್ನು ವಿಚಾರಿಸುತ್ತಾರೆ! ಜೀವನವಿಡೀ ಗಣಿತ ಕಲಿಸಿ, ಹೆಡ್ಡಕ್ಕೋರಾಗಿ, ಅಂದರೆ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ನಿವೃತ್ತಿ ಸಾಲೆಗೆ ಮಾತ್ರ. ಪರೀಕ್ಷೆ ಮಾಡುವ ಚಟಕ್ಕೆ ನಿವೃತ್ತಿ ಎಲ್ಲಿಯದು? ತರಕಾರಿ ಮಾರುವವಳು, ಗ್ಯಾಸ್ ತರುವವನು, ಮನೆತನಕ್ಕೆ ಬಂದ ಅಳಿಯಂದಿರು, ಎಲ್ಲರೂ ಒಂದಲ್ಲ ಒಂದು ದಿನ ಅವರೆದುರು ಬೆವತವರೇ. ನಾನಂತೂ ಪ್ರತಿ ಭೇಟಿಯಲ್ಲೂ ಬೆವರುತ್ತೇನೆ.

ಇಂಥ ಅತ್ತೆ ಒಬ್ಬನನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದರು. ಊರಿನ ಪೇಟೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು, ಅದರ ಮೂಲೆಯಲ್ಲೇ ಕೂತು ಪಿಂಚಣಿದಾರರ ಟ್ಯಾಕ್ಸ್ ರಿಟರ್ನು ತುಂಬಿಕೊಡುವವ. ನಂಬಲು ಕಾರಣ? ಏಳನೇ ಇಯತ್ತೆಯಲ್ಲಿ ಆತ ಅವರ ಕೈಯಲ್ಲೇ ಗಣಿತಕ್ಕೆ ನೂರಕ್ಕೆ ತೊಂಬತ್ತೆಂಟು ತೆಗೆದುಕೊಂಡಿದ್ದ! ಅತ್ತೆಯ ಕೈಯಿಂದ ತೊಂಬತ್ತೆಂಟು ಬಿಡಿಸಿಕೊಳ್ಳುವುದೆಂದರೆ ಹುಲಿಯ ಬಾಯಿಂದ ಮಾಂಸ ಬಿಡಿಸಿದಂತೆ. ಜೈನರ ಮನೆಯ ಹೆಣ್ಣುಮಗಳಿಗೆ ಈ ಹೋಲಿಕೆ ಸಲ್ಲದು, ಆದರೂ ಬೇರೆ ಯಾವುದೂ ಹೊಂದುವುದಿಲ್ಲ.

ಹೋದ ವರ್ಷ ಅವರ ಮೊಬೈಲಿಗೆ ಆದಾಯ ತೆರಿಗೆ ಇಲಾಖೆಯಿಂದ ಒಂದು ಸಂದೇಶ ಬಂತು. ನಾನು ಬೆಳಗಾವಿಯಲ್ಲಿ ಒಂದು ಕಾಲೇಜಿನ ಗ್ರಂಥಪಾಲಕ. ಪುಸ್ತಕಗಳ ನಡುವೆ ಇರುತ್ತೇನಾದ್ದರಿಂದ ನನಗೆ ಎಲ್ಲ ಗೊತ್ತಿದೆಯೆಂಬ ಭ್ರಮೆ ಬಂಧುಬಳಗದಲ್ಲಿ ಇದೆ. ಅತ್ತೆಗೆ ಆ ಭ್ರಮೆ ಇಲ್ಲ, ಆದರೂ ಕರೆದರು. ಓದಿದೆ. ನೀವು ಕೇಳಿದ ವಿನಾಯಿತಿಗಳು ಸಂಶಯಕ್ಕೆ ಎಡೆಮಾಡಿವೆ, ತಪ್ಪಿದ್ದರೆ ರಿಟರ್ನು ತಿದ್ದಿ ಸಲ್ಲಿಸಿ ಎಂದು ಅದರ ಸಾರಾಂಶ. ಹಳೆಯ ಕಾಗದ ತೆಗೆಸಿ ನೋಡಿದರೆ, ಸ್ವಂತ ಮನೆಯಲ್ಲಿರುವ ಅತ್ತೆ ತಿಂಗಳು ತಿಂಗಳೂ ಮನೆಬಾಡಿಗೆ ಕೊಡುತ್ತಿದ್ದರು! ಅದು ಸಾಲದೆಂಬಂತೆ ಯಾವುದೋ ರಾಜಕೀಯ ಪಕ್ಷಕ್ಕೆ ದೇಣಿಗೆಯನ್ನೂ ಕೊಟ್ಟಿದ್ದರು!

"ನನ್ನ ಮನಿಗೆ ನಾ ಯಾರಿಗೋ ಬಾಡಿಗಿ ಕೊಟ್ಟೆ? ಆತು, ಅದನ್ನ ಬಿಡು. ಯಾವ ಪಾರ್ಟಿಗೆ ರೊಕ್ಕಾ ಕೊಟ್ಟೇನಿ ಅಂತರೆ ಹೇಳು! ಎಲೆಕ್ಷನ್‌ದಾಗ ಎಲ್ಲಾ ಪಾರ್ಟಿಯವರಿಗೂ ಬಾಗಲದಾಗ ನಿಂದ್ರಿಸಿ ಬೈದೇನಿ. ಇನ್ನ ಯಾರಿಗೆ ಮಾರಿ ತೋರಸ್ಲಿ?"

ಝೆರಾಕ್ಸ್ ಅಂಗಡಿಗೆ ಹೋದೆವು. ತಲೆ ಪೂರ್ತಿ ಬೆಳ್ಳಗಾದ ಆ ವಿದ್ಯಾರ್ಥಿ ಅತ್ತೆಯನ್ನು ಕಂಡೊಡನೆ ಎದ್ದು ನಿಂತ.

"ಅಕ್ಕೋರ, ಎಲ್ಲಾರೂ ಹಿಂಗ ತುಂಬತಾರ್ರೀ. ನಿಮಗ ರಿಫಂಡ್ ಬರಲಿ ಅಂತ ಮಾಡೇನ್ರಿ."

"ಎಲ್ಲಾರೂ ಕಾಪಿ ಹೊಡದ್ರ ಎಲ್ಲಾರೂ ಪಾಸ್ ಏನೋ?"

ಅತ್ತೆ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಗೆ ಬಂದರು. ಆಮೇಲೆ ಅಂದರು: "ಆ ಎರಡು ಮಾರ್ಕು ನಾ ಯಾಕ ಕಳದಿದ್ನಿ ಅಂತ ಇವತ್ತ ತಿಳೀತು."

ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನ ನೇಮದ ಅತ್ತೆ, ಮನೆಗೆ ಬಂದ ಮೇಲೆ ಮೆಲ್ಲಗೆ ಕೇಳಿದರು, "ಜೇಲಿನ್ಯಾಗ ಹೊತ್ತು ಮುಳಗೂದ್ರೊಳಗ ಊಟಾ ಕೊಡ್ತಾರೇನು?"

"ಅತ್ತಿ, ಇದಕ್ಕ ಜೇಲು ಯಾಕ್ರೀ? ತಿದ್ದಿ ಕೊಟ್ರ ಆತು" ಎಂದೆ. ಖರೇ ಹೇಳಬೇಕೆಂದರೆ ನನಗೂ ಖಾತ್ರಿ ಇರಲಿಲ್ಲ. ನನ್ನ ರಿಟರ್ನನ್ನು ಆಫೀಸಿನ ಗೆಳೆಯ ತುಂಬುತ್ತಾನೆ. ಆತ ಎಲ್ಲಿ ಒತ್ತು ಎನ್ನುತ್ತಾನೋ ಅಲ್ಲಿ ಒತ್ತುತ್ತೇನೆ. ನಾನು ಯಾವ ಪಾರ್ಟಿಗೆ ದೇಣಿಗೆ ಕೊಟ್ಟಿದ್ದೇನೋ, ಆ ದೇವರಿಗೇ ಗೊತ್ತು!

ಹೀಗೆ ಶುರುವಾಯಿತು ನಂಬಿಗಸ್ಥ ಟ್ಯಾಕ್ಸಿನವರ, ಅಂದರೆ ರಿಟರ್ನು ತುಂಬಿಕೊಡುವವರ ಹುಡುಕಾಟ. ಅತ್ತೆ ಖಾನಾಪುರದಿಂದ ಬೆಳಗಿನ ಬಸ್ಸಿಗೆ ಬೆಳಗಾವಿಗೆ ಬರುವುದು, ನಾನು ರಜೆ ಹಾಕಿ ಜೊತೆಗೆ ತಿರುಗುವುದು. "ನಾ ಯಾಕ್ರೀ? ನನಗ ಇದರಾಗ ಏನೂ ತಿಳಿಯಂಗಿಲ್ಲ" ಎಂದೆ.

"ಅದಕ್ಕ ನೀ ಬೇಕು. ಹಿಂದಿನ ಬೆಂಚಿನಾಂವಗ ತಿಳಿಯೂಹಂಗ ಹೇಳಾಂವ ಖರೇ ಮಾಸ್ತರ."

ಇಷ್ಟು ವರ್ಷಗಳ ಮೇಲೆ ನನ್ನ ದಡ್ಡತನಕ್ಕೂ ಒಂದು ನೌಕರಿ ಸಿಕ್ಕಿತು.

ಮೊದಲ ಅಭ್ಯರ್ಥಿಯ ಆಫೀಸು ಟಿಳಕವಾಡಿಯಲ್ಲಿ. ಏಸಿ, ಗಾಜಿನ ಬಾಗಿಲು, ಕೂತ ಕೂಡಲೇ ಬಟ್ಟಲಲ್ಲಿ ಕುಂದಾ. ಆತ ನಗುತ್ತ ಕೇಳಿದ, "ಹೇಳ್ರಿ ಅಮ್ಮಾರ, ರಿಫಂಡ್ ಎಷ್ಟ ಬರಬೇಕು? ಅದರಾಗ ಒಂದ ಸಣ್ಣ ಪಾಲು ನಮಗ. ಆತಿಲ್ಲೋ?"

ಅತ್ತೆ ಕಾಗದದ ಚೀಲವನ್ನು ಬಿಚ್ಚಲೇ ಇಲ್ಲ. ಎದ್ದರು. "ಲೆಕ್ಕಾ ನೋಡೂಕಿಂತ ಮೊದಲ ಉತ್ತರಾ ಬರಿಯೂ ಹುಡುಗುರನ್ನ ಭಾಳ ನೋಡೇನ್ರಿ." ಅವರ ಹಿಂದೆ ನಾನೂ ಓಡಿದೆ, ಬಾಯಲ್ಲಿ ಕುಂದಾ ತುಂಬಿದ್ದರಿಂದ ನಮಸ್ಕಾರ ಹೇಳಲಾಗಲಿಲ್ಲ. ಆ ಆಫೀಸಿನಲ್ಲಿ ಕುಂದಾ ಮಾತ್ರ ಪಾಸಾಗಿತ್ತು.

ಎರಡನೆಯವರು ಮಹಾಜ್ಞಾನಿ. ಉಸಿರು ತೆಗೆದುಕೊಳ್ಳದೆ ಮಾತಾಡುವವರು. ಹಳೇ ಪದ್ಧತಿ, ಹೊಸ ಪದ್ಧತಿ, ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದ್ದು, ಹೊಸದರಲ್ಲಿದ್ದರೂ ನಮಗೆ ಬೇಡದ್ದು! ಗಳಿಸಿದ ವರ್ಷ ಒಂದಂತೆ, ಅದನ್ನು ಅಳೆಯುವ ವರ್ಷ ಇನ್ನೊಂದಂತೆ. ನನ್ನ ತಲೆಯೊಳಗೆ ಲೋಂಡಾ ಜಂಕ್ಷನ್ನು ತೆರೆಯಿತು. ಗೋವಾ ಗಾಡಿ ಯಾವುದು, ಹುಬ್ಬಳ್ಳಿ ಗಾಡಿ ಯಾವುದು, ನಾನು ಯಾವುದರಲ್ಲಿ ಕೂತಿದ್ದೇನೆ, ಒಂದೂ ತಿಳಿಯದಾಯಿತು.

"ತಿಳೀತೇನೋ?" ಅತ್ತೆ ಕೇಳಿದರು.

"ಹೂಂ" ಎಂದೆ, ಮರ್ಯಾದೆಗೆ.

"ಹಂಗಾರ ಒಮ್ಮೆ ಹೇಳು."

"ಅದಽ... ಹೋದ ವರ್ಷದ್ದು ಈ ವರ್ಷ... ಹೊಸಾದು ಬ್ಯಾಡ ಅಂದ್ರ ಹಳೇದು ಹೊಸಾದಾಗಿ..."

ಅತ್ತೆ ಆ ಮಹಾಜ್ಞಾನಿಯತ್ತ ತಿರುಗಿದರು. "ಇಂವ ನಲವತ್ತಾರು ವರ್ಷದಾಂವ, ಎರಡ ಡಿಗ್ರಿ ಮಾಡ್ಯಾನ. ಇಂವಗ ತಿಳೀಲಿಲ್ಲಂದ್ರ ತಪ್ಪು ಇಂವಂದಲ್ಲ." ಮೆಟ್ಟಿಲಿಳಿಯುವಾಗ ಸೇರಿಸಿದರು, "ಪೂರಾ ಇಂವಂದಲ್ಲ."

ಮೂರನೆಯವರು ಬೆಳಗಾವಿಯದೇ ಶಹಾಪುರ ಭಾಗದ ಹಿರಿಯರು. ಹಣೆಯ ಮೇಲೆ ಗಂಧ, ಗೋಡೆಯ ತುಂಬ ದೇವರು. ಇವರೇ ಸರಿ ಎಂದು ನಾನು ಮನಸ್ಸಿನಲ್ಲಿ ಕೈಮುಗಿಯುವಷ್ಟರಲ್ಲಿ ಅತ್ತೆ ಮೆತ್ತಗೆ ಒಂದು ಗಾಳ ಬಿಟ್ಟರು. "ಬಸದಿಗೆ ಹತ್ತ ಸಾವಿರ ದಾನಾ ಕೊಟ್ಟೇನ್ರಿ. ಆದ್ರ ಪಾವತಿ ಚೀಟಿ ಇಲ್ಲ." ನಾನು ಬೆಚ್ಚಿದೆ. ಅತ್ತೆ ಸುಳ್ಳು ಹೇಳಿದ್ದನ್ನು ಅದುವರೆಗೂ ಕೇಳಿದವನಲ್ಲ!

"ಕಾಳಜೀ ಕರೂ ನಕಾ" ಎಂದರು ಹಿರಿಯರು ಮರಾಠಿಯಲ್ಲಿ. ಚಿಂತೆ ಮಾಡಬೇಡಿ ಎಂದು. "ಪಾವತಿ ನಾ ಹಚ್ಚತೇನಿ. ನೀವು ನಿಮ್ಮ ಪಾಸ್‌ವರ್ಡ್ ಒಂದ ಬರದ ಕೊಡ್ರಿ, ಈ ಖಾಲಿ ಹಾಳಿ ಮ್ಯಾಲೊಂದ ಸಹಿ ಮಾಡ್ರಿ."

"ಕಾಳಜಿ ನಾ ಮಾಡ್ಕೋತೇನ್ರಿ" ಎಂದು ಅತ್ತೆ ಎದ್ದರು.

ಗೆದ್ದೆವೆಂದು ನಾನು ಬೀಗುತ್ತಿದ್ದರೆ ಅತ್ತೆಯ ಮುಖ ಬಾಡಿತ್ತು. ಪರೀಕ್ಷೆಗೇ ಆಗಲಿ, ಬಸದಿಯ ಹೆಸರಲ್ಲಿ ಸುಳ್ಳು ಹೇಳಿದ್ದಾಯಿತಲ್ಲ! ಆಟೋ ಹಿಡಿದು ಬಸದಿಗೆ ಹೋದರು. ದಾರಿಯಲ್ಲಿ ಬ್ಯಾಂಕಿನಿಂದ ತೆಗೆದ ಹತ್ತು ಸಾವಿರವನ್ನು ಅಲ್ಲಿ ಕಟ್ಟಿ ಸುಳ್ಳನ್ನು ಖರೇ ಮಾಡಿದರು! ಪಾವತಿಯನ್ನು ಕೈಯಲ್ಲಿ ಹಿಡಿದು ಹೊರಗೆ ಬಂದು ಕೇಳಿದರು, "ಈಗ ಇದು ಯಾವ ವರ್ಷದ ದಾನಾನೋ?" ನಾನು ಮತ್ತೆ ಲೋಂಡಾದಲ್ಲಿ ಇಳಿದೆ.

ನಾಲ್ಕನೆಯವರನ್ನು ಹುಡುಕಿದ್ದು ನಾವಲ್ಲ, ಅತ್ತೆಯ ಚಪ್ಪಲಿ. ಉಂಗುಟ ಕಿತ್ತಿತು, ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಹಿಟ್ಟಿನ ಗಿರಣಿಯ ಮುಂದೆ ಹೊಲಿಸಲು ನಿಂತೆವು. ಗಿರಣಿಯ ಮೇಲಿನ ಮಹಡಿಗೆ ಚಾರ್ಟರ್ಡ್ ಅಕೌಂಟೆಂಟ್ ಎಂಬ ಬೋರ್ಡಿತ್ತು. ಹತ್ತಿದೆವು. ನಲವತ್ತರ ಆಸುಪಾಸಿನ ಹೆಣ್ಣುಮಗಳು. ಮೇಜಿನ ಮೇಲೆ ಸಣ್ಣಗೆ ಜೋಳದ ಹಿಟ್ಟು ಕೂತಿತ್ತು.

"ಬರ್ರಿ, ಕುಂದರ್ರಿ. ಮೊದಲ ನಿಮ್ಮ ಖಾತೆ ತಗಿಯೂಣು. ಪಾಸ್‌ವರ್ಡ್ ನೀವ ಹೊಡೀರಿ, ನಾ ಆ ಕಡೆ ನೋಡ್ತೇನಿ" ಎಂದು ಕುರ್ಚಿಯನ್ನು ಗೋಡೆಗೆ ತಿರುಗಿಸಿ ಕೂತರು.

ಅತ್ತೆ ಒಂದೇ ಬೆರಳಿನಿಂದ ಹೊಡೆಯುವವರು. ಎರಡು ಸಲ ತಪ್ಪಿತು. ಆಕೆ ಗೋಡೆಯನ್ನೇ ನೋಡುತ್ತಿದ್ದರು. ಮೂರನೆಯ ಸಲಕ್ಕೆ ತೆರೆಯಿತು. ಆಮೇಲೆ ಶುರುವಾದದ್ದು ನೋಡಿ, ಪರೀಕ್ಷೆ! ಆದರೆ ಬರೆಯುತ್ತಿದ್ದವರು ಅತ್ತೆ! ಈ ಬಡ್ಡಿ ಯಾವ ಠೇವಣಿಯದು? ಈ ಪಿಂಚಣಿಯ ಕಾಗದ ಎಲ್ಲಿ? ಇಲ್ಲಿ ಪೋಸ್ಟಾಫೀಸಿನ ಬಡ್ಡಿ ಕಾಣುತ್ತಿದೆ, ನೀವು ತೋರಿಸಿಯೇ ಇಲ್ಲವಲ್ಲ?

"ಅದು... ಮರ್ತಿದ್ನಿ" ಎಂದರು ಅತ್ತೆ. ನಮ್ಮ ಅತ್ತೆ!

"ಮರ್ತರೂ ಬಿಟ್ಟಂಗ ಆಗ್ತೈತ್ರಿ ಅಕ್ಕೋರ. ಸೇರಸೂಣು. ಬಾಡಿಗಿ, ದೇಣಿಗಿ ಎರಡೂ ತಗದ ಹಾಕೂಣು. ಬಂದ ರಿಫಂಡ್ ಬಡ್ಡಿ ಸಹಿತ ತಿರುಗಿ ತುಂಬಬೇಕಾಗ್ತೈತಿ. ನನ್ನ ಫೀ ಇಷ್ಟು, ನಿಮಗ ರಿಫಂಡ್ ಬರಲಿ, ಬಿಡಲಿ." ಇಷ್ಟನ್ನೂ ಆಕೆ ಹೇಳಿದ ರೀತಿಗೆ, ಆಶ್ಚರ್ಯವೆಂದರೆ, ನನಗೂ ತಿಳಿಯಿತು! ಅತ್ತೆ ನನ್ನ ಮುಖ ನೋಡಿದರು. ಕಿಟಕಿಯಾಚೆ ಹೊತ್ತು ಮುಳುಗಿತು, ಅವರ ಊಟದ ವೇಳೆ ಮೀರಿತು, ಅತ್ತೆ ಗಡಿಯಾರ ನೋಡಲಿಲ್ಲ.

"ಮನ್ಯಾಗ ಯಾರ್ಯಾರ ಇರ್ತೀರಿ?" ಆಕೆ ಕೇಳಿದರು.

"ನಾನು, ನನ್ನ ತಮ್ಮ."

ನೋಡಿ, ಇಷ್ಟು ಹೊತ್ತು ನಾನೂ ಈ ತಮ್ಮನ, ನಮ್ಮ ಕಾಕಾನ ಸುದ್ದಿ ಎತ್ತಲಿಲ್ಲ. ಅತ್ತೆಗಿಂತ ಮೂರು ವರ್ಷ ಚಿಕ್ಕವರು. ವಯಸ್ಸು ಅರವತ್ತೈದಾದರೂ ಬುದ್ಧಿ ಐದಾರು ವರ್ಷದ ಮಗುವಿನದು. ಎಂದೂ ದುಡಿದವರಲ್ಲ. ಮಾತು ಕಡಿಮೆ, ನಗು ಹೆಚ್ಚು. ನಾವೆಲ್ಲ ಅವರನ್ನು ಮನೆಯ ಕಂಬದಂತೆ ನೋಡಿ ಅಭ್ಯಾಸವಾದವರು, ಹೇಳಬೇಕೆಂದು ಹೊಳೆಯುವುದೇ ಇಲ್ಲ. ಜಿಲ್ಲಾ ಆಸ್ಪತ್ರೆಯವರು ಕೊಟ್ಟ ಸರ್ಟಿಫಿಕೇಟ್ ಅತ್ತೆಯ ಚೀಲದಲ್ಲೇ ಇತ್ತು. ಆಕೆ ಅದನ್ನು ಓದಿ ಕನ್ನಡಕ ತೆಗೆದರು.

"ಅಕ್ಕೋರ, ಇದಕ್ಕ ಕಾನೂನು ಪ್ರಕಾರ ನಿಮಗ ವಿನಾಯಿತಿ ಐತಿ! ಇಷ್ಟ ವರ್ಷ ಯಾಕ ಕೇಳಿಲ್ಲ? ಇಲ್ಲಿ ಅವಲಂಬಿತರು ಅಂತ ಕಾಲಂ ಐತಿ ನೋಡ್ರಿ. ನಿಮ್ಮ ಮ್ಯಾಲೆ ಅವಲಂಬಿತರಾದ ತಮ್ಮ ಅಂತ..."

"ಬ್ಯಾಡ್ರಿ. ಟ್ಯಾಕ್ಸ್ ಎಷ್ಟ ಆಗ್ತೈತಿ ತುಂಬತೇನಿ. ಅದು ಬ್ಯಾಡ."

ನನಗೆ ಎಲ್ಲ ಪದ್ಧತಿಗಳೂ ಮತ್ತೆ ಕಲಸಿಹೋದವು. ಸುಳ್ಳು ವಿನಾಯಿತಿ ಬೇಡವೆಂದು ಬೆಳಗಾವಿಯನ್ನೆಲ್ಲ ಸುತ್ತಿದವರು ಖರೇ ವಿನಾಯಿತಿಯನ್ನೂ ಬೇಡವೆಂದರೆ ಏನು ತಿಳಿಯಬೇಕು?

"ಯಾಕ್ರೀ ಅತ್ತಿ?"

ಅತ್ತೆ ಚೀಲದ ಹಿಡಿಕೆಯನ್ನು ಮಡಚುತ್ತ, ಬಿಚ್ಚುತ್ತ ಕೂತರು. "ನೌಕರಿ ಹತ್ತಿದಾಗ ಲೋಂಡಾ ಕಡೆ ಅಡವ್ಯಾಗಿನ ಸಾಲಿ ನಂದು. ಬಸ್ ಇಳದು ಮೂರು ಮೈಲು ಅಡವಿ ದಾರಿ. ಮೊದಲನೇ ದಿನಾನ ಅಂಜಿ ಅರ್ಧಾ ದಾರ್ಯಾಗಿಂದ ತಿರುಗಿ ಬಂದೆ. ನೌಕರಿ ಒಲ್ಲೆ ಅಂದೆ. ಮರದಿವ್ಸ ಈ ತಮ್ಮ ನನ್ನ ಚೀಲಾ ಹೆಗಲಿಗೆ ಹಾಕ್ಕೊಂಡು ಮುಂದ ನಡದಬಿಟ್ಟ. ಸಾಲಿ ಬಿಡೂತನಕಾ ಗಿಡದ ಕೆಳಗ ಕುಂತಾ. ಹನ್ನೊಂದು ವರ್ಷ ಹಂಗ ಕುಂತಾನ. ಮಳ್ಯಾಗೂ. ನನಗ ಅಂಜಿಕಿ ಐತಿ ಅಂತ ಯಾರಿಗೂ ಹೇಳಿಲ್ಲ ಅಂವಾ. ನಾನೂ ಹೇಳಿಲ್ಲ. ಈಗ ಹೇಳ್ರಿ, ಯಾರು ಯಾರ ಮ್ಯಾಲೆ ಅವಲಂಬಿತರು? ಈ ಪಿಂಚಣಿ ಯಾರದು?"

ಕೆಳಗೆ ಗಿರಣಿ ನಿಂತಿತ್ತು. ಆಕೆ ಕನ್ನಡಕ ಮತ್ತೆ ಹಾಕಿಕೊಂಡು ಮೆಲ್ಲಗೆ ಅಂದರು, "ಖರೇ ಐತ್ರಿ. ಆದ್ರ ಅಕ್ಕೋರ, ಇಲ್ಲದ ಬಾಡಿಗಿ ಬರದದ್ದು ತಪ್ಪಾದ್ರ, ಇರೂ ತಮ್ಮನ್ನ ಬಿಡೂದೂ ತಪ್ಪ ಅಲ್ಲೇನ್ರಿ? ಸರ್ಕಾರದ ಕಾಗದದಾಗ ಅವರ ಹೆಸರು ಒಮ್ಮೆಯರೆ ನಿಮ್ಮ ಬಾಜು ಬರಲಿ."

ಅತ್ತೆ ಚೀಲದ ಹಿಡಿಕೆ ಬಿಟ್ಟರು. ಆಗಲೆಂದು ತಲೆಯಾಡಿಸಿದರು.

ಮರುವಾರ ಎಲ್ಲ ತಿದ್ದಿ ಸಲ್ಲಿಸಿ, ಕಾಗದದ ಪ್ರತಿ ತೆಗೆದುಕೊಂಡು ಖಾನಾಪುರಕ್ಕೆ ಹೋದೆವು. ಕಾಕಾ ಬಾಗಿಲಲ್ಲೇ ಅಕ್ಕನ ಕೈಯಿಂದ ಚೀಲ ಇಸಿದುಕೊಂಡರು. ಅತ್ತೆ ಅವರನ್ನು ಎದುರಿಗೆ ಕೂರಿಸಿ ಕಾಗದ ಬಿಚ್ಚಿದರು. "ಇದರಾಗ ನಿನ್ನ ಹೆಸರ ಐತಿ, ಕೇಳು" ಎಂದು ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಹೇಳತೊಡಗಿದರು. ಕಾಕಾನಿಗೆ ಏನು ತಿಳಿಯಿತೋ, ಪ್ರತಿ ಸಾಲಿಗೂ ನಕ್ಕರು. ಆ ಕಾಲಂ ಬಂತು. ಅತ್ತೆ ಕನ್ನಡಕ ಸರಿಮಾಡಿಕೊಂಡು, ತಮ್ಮನ ಹೆಸರು ಹೇಳಿ ಓದಿದರು: "ಇವರ ಮ್ಯಾಲೆ ಅವಲಂಬಿತರು: ಇವರ ಅಕ್ಕ."

ನಾನು ಕಾಗದ ನೋಡಿದೆ, ಅತ್ತೆಯ ಮುಖ ನೋಡಿದೆ. ನಮ್ಮ ಅತ್ತೆ ತಪ್ಪು ಓದಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ತಿದ್ದಲು ಹೋಗಲಿಲ್ಲ.